ಜೀವ ಕಟ್ಟಿದ ಲೋಕ: ವಿದ್ಯಾರಣ್ಯರು ಎಳೆದ ಗೆರೆ

ಬೇಕಾದದ್ದನ್ನು ಬೆಳಿಗ್ಗೆ ಮೂರು ಸಲ, ಮಧ್ಯಾಹ್ನ ಆರು ಸಲ, ರಾತ್ರಿ ಮಲಗುವ ಮುಂಚೆ ಒಂಬತ್ತು ಸಲ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಅದೂ ಈಗಾಗಲೇ ಕೈಸೇರಿದೆ ಎಂಬ ಧಾಟಿಯಲ್ಲಿ: ‘ನನಗೆ ಹೊಸ ಕೆಲಸ ಸಿಕ್ಕಿದೆ’, ‘ನಾನು ಸ್ವಂತ ಮನೆಯಲ್ಲಿದ್ದೇನೆ’. ಹೀಗೆ ಕೆಲವು ವಾರ ನಡೆಸಿದರೆ ಇಡೀ ವಿಶ್ವ ನಿಮಗಾಗಿ ಟೊಂಕ ಕಟ್ಟಿ ನಿಲ್ಲುತ್ತದೆ. ಮೊಬೈಲ್ ಹಿಡಿದವರಲ್ಲಿ ಈ ಉಪದೇಶ ಕಿವಿಗೆ ಬೀಳದವರು ಈಗ ಕಡಿಮೆ. ಹೇಳುವವರು ಕೊನೆಗೊಂದು ಮುದ್ರೆಯನ್ನೂ ಒತ್ತುತ್ತಾರೆ: ‘ಜಗತ್ತು ಮನಸ್ಸಿನ ಸೃಷ್ಟಿ, ನಮ್ಮ ಋಷಿಗಳು ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಹೇಳಿದ್ದರು.’

ಋಷಿಗಳನ್ನು ಸಾಕ್ಷಿಗೆ ಕರೆದ ಮೇಲೆ ಅವರ ಹೇಳಿಕೆಯನ್ನು ಪೂರ್ತಿ ಕೇಳಬೇಕಾಗುತ್ತದೆ. ಜಗತ್ತಿನಲ್ಲಿ ಮನಸ್ಸು ಕಟ್ಟಿದ್ದೆಷ್ಟು, ಮನಸ್ಸಿನ ಅಂಕೆಗೆ ಸಿಗದ್ದೆಷ್ಟು ಎಂಬ ಪ್ರಶ್ನೆಯ ಮೇಲೆ ವೇದಾಂತಿಗಳು ಶತಮಾನಗಟ್ಟಲೆ ಜಗಳವಾಡಿದ್ದಾರೆ. ಆ ಜಗಳವನ್ನು ಸಾಮಾನ್ಯ ಓದುಗನಿಗೂ ದಕ್ಕುವಂತೆ ಬಿಡಿಸಿಟ್ಟದ್ದು, ನನ್ನ ಮಟ್ಟಿಗೆ, ಪಂಚದಶಿಯ ನಾಲ್ಕನೆಯ ಪ್ರಕರಣವಾದ ‘ದ್ವೈತವಿವೇಕ’. ನಾವು ಲೋಕವನ್ನು ಸೃಷ್ಟಿಸುತ್ತೇವೆ ಎಂಬ ಮಾತನ್ನು ಅದು ಒಪ್ಪುತ್ತದೆ. ಒಪ್ಪಿದ ಮರುಕ್ಷಣವೇ, ನಿನ್ನನ್ನು ಕಟ್ಟಿಹಾಕಿರುವುದೂ ಆ ಸೃಷ್ಟಿಯೇ ಎನ್ನುತ್ತದೆ. ಇಂದಿನ ಉಪದೇಶಕರು ಮೊದಲ ಮಾತನ್ನು ಎತ್ತಿಕೊಂಡು ಎರಡನೆಯದನ್ನು ಅಲ್ಲೇ ಬಿಟ್ಟು ಬಂದಿದ್ದಾರೆ.

ಪಂಚದಶಿ ಹದಿನಾಲ್ಕನೆಯ ಶತಮಾನದ ಸಂಸ್ಕೃತ ಗ್ರಂಥ. ಹದಿನೈದು ಪ್ರಕರಣಗಳಿರುವುದರಿಂದ ಆ ಹೆಸರು. ಶೃಂಗೇರಿಯ ಪೀಠದಲ್ಲಿದ್ದ ವಿದ್ಯಾರಣ್ಯರ ಕೃತಿಯೆಂದು ಪ್ರಸಿದ್ಧಿ, ಕೆಲವು ಭಾಗಗಳು ಅವರಿಗಿಂತ ಮೊದಲು ಅದೇ ಪೀಠದಲ್ಲಿದ್ದ ಭಾರತೀತೀರ್ಥರದೆಂಬ ಅಭಿಪ್ರಾಯವೂ ಇದೆ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದಲ್ಲಿ ತಲೆಯೆತ್ತಿ ನೋಡಿದರೆ, ಚಾವಣಿಯ ಚಿತ್ರದಲ್ಲಿ ಪಲ್ಲಕ್ಕಿಯೇರಿ ಮೆರವಣಿಗೆಯಲ್ಲಿ ಸಾಗುವ ವಿದ್ಯಾರಣ್ಯರು ಕಾಣುತ್ತಾರೆ. 1336ರಲ್ಲಿ ವಿಜಯನಗರ ಹುಟ್ಟಿದಾಗ ಅವರ ಪಾತ್ರವೇನಿತ್ತು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ರಾಜ್ಯ ಕಟ್ಟಿಸಿದರೆಂದು ಜನ ನಂಬಿರುವ ಯತಿಯೇ ಮನಸ್ಸಿನಲ್ಲಿ ಕಟ್ಟುವ ರಾಜ್ಯಗಳ ಬಗ್ಗೆ ಇಷ್ಟು ನಿಷ್ಠುರವಾಗಿ ಬರೆದದ್ದು ನನಗೆ ಪ್ರತಿ ಓದಿನಲ್ಲೂ ಸೋಜಿಗ.

ಪ್ರಕರಣದ ಮೊದಲ ಶ್ಲೋಕವೇ ಕೆಲಸದ ಪಟ್ಟಿಯನ್ನು ಮುಂದಿಡುತ್ತದೆ. ಈಶ್ವರ ಸೃಷ್ಟಿಸಿದ ದ್ವೈತ, ಎಂದರೆ ಹಲವಾಗಿ ಕಾಣುವ ಜಗತ್ತು, ಒಂದು, ಜೀವ ಸೃಷ್ಟಿಸಿದ ದ್ವೈತ ಇನ್ನೊಂದು. ಇವೆರಡನ್ನೂ ಬೇರ್ಪಡಿಸಿ ನೋಡಿದರೆ ಜೀವನು ಬಿಡಬೇಕಾದ ಬಂಧ ಯಾವುದೆಂದು ಸ್ಪಷ್ಟವಾಗುತ್ತದೆ. ಬಿಡಬೇಕಾದದ್ದು ಯಾವುದೆಂದು ಗೊತ್ತಿಲ್ಲದವನು ಎಲ್ಲವನ್ನೂ ಬಿಡಲು ಹೋಗುತ್ತಾನೆ, ಇಲ್ಲವೇ ಯಾವುದನ್ನೂ ಬಿಡುವುದಿಲ್ಲ. ಅದಕ್ಕೇ ಈ ವಿಂಗಡಣೆ.

ಈಶ್ವರಸೃಷ್ಟಿಗೆ ಪ್ರಮಾಣವಾಗಿ ವಿದ್ಯಾರಣ್ಯರು ಉಪನಿಷತ್ತುಗಳ ಸೃಷ್ಟಿವಾಕ್ಯಗಳನ್ನು ಸಾಲಾಗಿ ತರುತ್ತಾರೆ. ಅಲ್ಲಿ ನಿಲ್ಲುವುದು ಬೇಡ. ಜೀವಸೃಷ್ಟಿಗೆ ಅವರು ಆರಿಸಿಕೊಂಡ ಪ್ರಮಾಣ ಸ್ವಾರಸ್ಯಕರವಾದದ್ದು. ಬೃಹದಾರಣ್ಯಕ ಉಪನಿಷತ್ತಿನ ಮೊದಲ ಅಧ್ಯಾಯದಲ್ಲಿ ‘ಸಪ್ತಾನ್ನ’ದ ಮಾತು ಬರುತ್ತದೆ: ತಂದೆಯು ಮೇಧೆಯಿಂದಲೂ ತಪಸ್ಸಿನಿಂದಲೂ ಏಳು ಅನ್ನಗಳನ್ನು ಹುಟ್ಟಿಸಿದ. ಧಾನ್ಯ ಎಲ್ಲರಿಗೂ ಸಮಾನವಾದ ಅನ್ನ, ದೇವತೆಗಳಿಗೆ ಎರಡು, ಪಶುಗಳಿಗೆ ಹಾಲು, ತನಗೆಂದು ಇಟ್ಟುಕೊಂಡದ್ದು ಮನಸ್ಸು, ಮಾತು, ಪ್ರಾಣ ಎಂಬ ಮೂರು. ಭತ್ತವನ್ನೂ ಹಾಲನ್ನೂ ಯಾವ ಜೀವ ಸೃಷ್ಟಿಸಿತು ಎಂದು ಕೇಳಿದರೆ ವಿದ್ಯಾರಣ್ಯರ ಉತ್ತರ ಹೀಗಿದೆ: ವಸ್ತುಗಳನ್ನು ಅವುಗಳ ಸ್ವರೂಪದಲ್ಲಿ ಮಾಡಿದವನು ಈಶ್ವರನೇ, ಅವನ್ನು ‘ಅನ್ನ’ವಾಗಿಸಿದ್ದು, ಎಂದರೆ ಭೋಗ್ಯವಾಗಿಸಿದ್ದು, ತನ್ನ ಜ್ಞಾನಕರ್ಮಗಳಿಂದ ಜೀವ. ಗದ್ದೆಯಲ್ಲಿ ಬಾಗಿ ನಿಂತ ತೆನೆ ತನ್ನಷ್ಟಕ್ಕೆ ತಾನು ಯಾರ ಊಟವೂ ಅಲ್ಲ. ಅದು ರೈತನಿಗೆ ಫಸಲಾಗುವುದು, ದಲ್ಲಾಳಿಗೆ ದರವಾಗುವುದು, ಗುಬ್ಬಿಗೆ ಕಾಳಾಗುವುದು ಆಯಾ ಜೀವದ ಲೆಕ್ಕದಲ್ಲಿ. ಈ ಹಂಚಿಕೆಗೆ ಅವರು ಕೊಡುವ ಸೂತ್ರ ಚಿಕ್ಕದು: ವಸ್ತು ಹುಟ್ಟುವುದಕ್ಕೆ ಸಾಧನ ಈಶ್ವರನ ಸಂಕಲ್ಪ, ಅದು ಮಾಯೆಯ ವೃತ್ತಿ, ಎಂದರೆ ಮಾಯೆಯ ಚಲನೆ, ವಸ್ತುವಿನ ಭೋಗಕ್ಕೆ ಸಾಧನ ಜೀವದ ಸಂಕಲ್ಪ, ಅದು ಮನಸ್ಸಿನ ವೃತ್ತಿ. ‘ಸಂಕಲ್ಪದಿಂದ ಸೃಷ್ಟಿ’ ಎಂದು ವೇದಿಕೆಯ ಮೇಲೆ ಹೇಳುವವರು ಈ ಎರಡು ಸಂಕಲ್ಪಗಳ ನಡುವಿನ ಗೋಡೆಯನ್ನು ಸದ್ದಿಲ್ಲದೆ ಒಡೆದುಹಾಕಿರುತ್ತಾರೆ.

ಮುಂದೆ ರತ್ನದ ಉದಾಹರಣೆ ಬರುತ್ತದೆ. ಒಂದು ಮಣಿ ಸಿಕ್ಕಿತೆಂದು ಒಬ್ಬ ಹಿಗ್ಗುತ್ತಾನೆ. ಸಿಗಲಿಲ್ಲವೆಂದು ಇನ್ನೊಬ್ಬ ಸಿಟ್ಟಾಗುತ್ತಾನೆ. ವಿರಕ್ತನೊಬ್ಬ ಸುಮ್ಮನೆ ನೋಡುತ್ತಾನೆ, ಹಿಗ್ಗೂ ಇಲ್ಲ, ಸಿಟ್ಟೂ ಇಲ್ಲ. ಹಾಗಾದರೆ ಅಲ್ಲಿರುವ ಮಣಿಗಳೆಷ್ಟು? ಪ್ರಿಯ, ಅಪ್ರಿಯ, ಉಪೇಕ್ಷ್ಯ ಎಂಬ ಮೂರು ಆಕಾರಗಳು ಜೀವಗಳು ಸೃಷ್ಟಿಸಿದವು. ಮೂವರಿಗೂ ಸಮಾನವಾಗಿರುವ ರೂಪ ಈಶ್ವರ ಸೃಷ್ಟಿಸಿದ್ದು. ಇದರ ಬೆನ್ನಿಗೇ ಹೆಂಗಸೊಬ್ಬಳ ಉದಾಹರಣೆ: ಒಬ್ಬಳೇ ಒಬ್ಬನಿಗೆ ಹೆಂಡತಿ, ಒಬ್ಬರಿಗೆ ಸೊಸೆ, ಒಬ್ಬಳಿಗೆ ನಾದಿನಿ, ಒಬ್ಬನಿಗೆ ತಾಯಿ. ಸಂಬಂಧಿಸಿದವರ ಬುದ್ಧಿಯಿಂದ ಅವಳು ಹಲವಾಗುತ್ತಾಳೆ, ಸ್ವರೂಪದಿಂದ ಅಲ್ಲ. ವಿದ್ಯಾರಣ್ಯರು ಇದನ್ನು ಮನೆಯ ಗಂಡಸಿನ ಕಣ್ಣಿನಿಂದಲೇ ನೋಡಿ ಬರೆದಿದ್ದಾರೆ. ಅಷ್ಟೂ ಪಾತ್ರಗಳ ಕೆಳಗೆ ಆ ಹೆಂಗಸು ತನಗೆ ತಾನು ಏನಾಗಿದ್ದಳು ಎಂದು ಅವರು ಕೇಳುವುದಿಲ್ಲ. ಹಾಗಿದ್ದರೂ ‘ಸೊಸೆ’ ಎಂಬುದು ಅವಳ ಮೈಯಲ್ಲಿಲ್ಲ, ನೋಡುವವರ ಮನಸ್ಸಿನಲ್ಲಿದೆ ಎಂಬ ಮಾತು ಯಾವ ಅತ್ತೆಮನೆಗೂ ಇಂದಿಗೂ ಸಲ್ಲುತ್ತದೆ.

ಇಲ್ಲಿ ಗ್ರಂಥವೇ ಕಲ್ಪಿಸಿಕೊಂಡ ಎದುರಾಳಿ ಸುಮ್ಮನಿರುವುದಿಲ್ಲ. ತಿಳಿವಳಿಕೆ ಬೇರೆಬೇರೆ ಇರಬಹುದು, ವಸ್ತು ಒಂದೇ ತಾನೇ, ನೀವು ಎರಡನೆಯದೊಂದು ವಸ್ತುವನ್ನು ಎಲ್ಲಿಂದ ತಂದಿರಿ ಎಂದು ಆಕ್ಷೇಪಿಸುತ್ತಾನೆ. ಮಾಂಸಮಯಿಯಾದ ಹೆಂಗಸು ಒಬ್ಬಳೇ, ಮನೋಮಯಿಯಾದವಳು ಬೇರೆಬೇರೆ ಎಂದು ಗ್ರಂಥ ಉತ್ತರಿಸುತ್ತದೆ. ಕನಸಿನಲ್ಲೋ ಭ್ರಮೆಯಲ್ಲೋ ಮನೋಮಯವಾದದ್ದು ಇರಬಹುದು, ಎಚ್ಚರದಲ್ಲಿ ಕಣ್ಣೆದುರೇ ಕಾಣುವಾಗಲೂ ಇದೆಯೇ ಎಂದು ಅವನು ಮತ್ತೆ ಕೇಳುತ್ತಾನೆ. ಆಗ ವಿದ್ಯಾರಣ್ಯರು ಶಂಕರರ ಉಪದೇಶಸಾಹಸ್ರಿಯ ದೃಷ್ಟಾಂತವೊಂದನ್ನು ತರುತ್ತಾರೆ: ಮೂಸೆಗೆ ಹೊಯ್ದ ತಾಮ್ರ ಮೂಸೆಯ ಆಕಾರವನ್ನೇ ತಾಳುವಂತೆ, ವಸ್ತುವನ್ನು ವ್ಯಾಪಿಸುವ ಚಿತ್ತ ಆ ವಸ್ತುವಿನ ಆಕಾರವನ್ನು ತಾಳುತ್ತದೆ. ಆದ್ದರಿಂದ ನೋಡುವಾಗಲೆಲ್ಲ ಇರುವುದು ಎರಡು ಗಡಿಗೆ, ಮಣ್ಣಿನದೊಂದು, ಮನಸ್ಸಿನದೊಂದು. ಮಣ್ಣಿನದನ್ನು ನಾವು ತಿಳಿಯುವುದು ಮನಸ್ಸಿನದರ ಮೂಲಕ.

ಇಷ್ಟಾದ ಮೇಲೆ ಇಡೀ ಪ್ರಕರಣದ ತಿರುಳಾದ ಎರಡು ಶ್ಲೋಕಗಳು ಬರುತ್ತವೆ. ಒಬ್ಬನ ಮಗ ದೂರದೇಶಕ್ಕೆ ಹೋಗಿದ್ದಾನೆ, ಅಲ್ಲಿ ಚೆನ್ನಾಗಿಯೇ ಇದ್ದಾನೆ. ಯಾರೋ ವಂಚಕ ಬಂದು ‘ನಿನ್ನ ಮಗ ಸತ್ತ’ ಎನ್ನುತ್ತಾನೆ. ತಂದೆ ಎದೆ ಬಡಿದುಕೊಂಡು ಅಳುತ್ತಾನೆ. ಇದಕ್ಕೆ ವಿರುದ್ಧವಾಗಿ, ಮಗ ನಿಜವಾಗಿ ಸತ್ತೇಹೋಗಿದ್ದರೂ ಸುದ್ದಿ ತಲುಪದಿದ್ದರೆ ತಂದೆ ಅಳುವುದಿಲ್ಲ. ಆದ್ದರಿಂದ ಎಲ್ಲ ಜೀವಗಳಿಗೂ ಬಂಧವನ್ನು ತರುವುದು ‘ಮಾನಸಂ ಜಗತ್’, ಮನಸ್ಸಿನ ಜಗತ್ತು.

ಈ ಎರಡು ಸನ್ನಿವೇಶಗಳು ಸಾಧಿಸುವುದನ್ನು ನಿಧಾನವಾಗಿ ನೋಡಬೇಕು. ಮೊದಲನೆಯದರಲ್ಲಿ ಘಟನೆಯಿಲ್ಲದೆ ದುಃಖವಿದೆ. ಎರಡನೆಯದರಲ್ಲಿ ಘಟನೆಯಿದ್ದೂ ದುಃಖವಿಲ್ಲ. ಎರಡನ್ನೂ ಜೋಡಿಸಿದರೆ ದುಃಖದ ನೇರ ಕಾರಣ ಘಟನೆಯಲ್ಲ, ತಂದೆಯ ಮನಸ್ಸಿನಲ್ಲಿರುವ ಮಗ ಎಂದಾಗುತ್ತದೆ. ತರ್ಕದ ಪಾಠಗಳಲ್ಲಿ ಕಲಿಸುವ ಅನ್ವಯ (ಇದಿದ್ದರೆ ಅದಿದೆ), ವ್ಯತಿರೇಕ (ಇದಿಲ್ಲದಿದ್ದರೆ ಅದಿಲ್ಲ) ಎಂಬ ಲೆಕ್ಕವೇ ಇದು, ಸಾವಿನಂತಹ ವಿಷಯದ ಮೇಲೆ ಹೂಡಿದ್ದು. ಇನ್ನೊಂದು ಸೂಕ್ಷ್ಮವೂ ಇದೆ. ತಂದೆಯ ಅಳು ಮಗನನ್ನು ಕೊಲ್ಲಲಿಲ್ಲ. ಅವನ ನೆಮ್ಮದಿ ಸತ್ತವನನ್ನು ಬದುಕಿಸಲೂ ಇಲ್ಲ. ತಂದೆಯ ಮನಸ್ಸು ಸಂಪೂರ್ಣ ಶಕ್ತಿಯಿಂದ ಕೆಲಸ ಮಾಡಿದೆ, ಆ ಶಕ್ತಿ ದೂರದೇಶದಲ್ಲಿರುವ ಮಗನ ಒಂದು ಕೂದಲನ್ನೂ ಕೊಂಕಿಸಿಲ್ಲ. ಬೆಳಿಗ್ಗೆ ಮೂರು, ಮಧ್ಯಾಹ್ನ ಆರು ಸಲ ಬರೆಯುವವರಿಗೆ ಈ ದೃಷ್ಟಾಂತದಲ್ಲಿ ಜಾಗವಿಲ್ಲದಿರುವುದು ಇಲ್ಲಿಯೇ.

ಹಾಗಾದರೆ ಹೊರಗಿನ ಜಗತ್ತು ಬೇಡವೇ ಬೇಡ, ಎಲ್ಲವೂ ವಿಜ್ಞಾನವೇ, ಎಂದರೆ ಒಳಗಿನ ಅರಿವೇ, ಎನ್ನುವ ಬೌದ್ಧರ ವಾದಕ್ಕೆ ನೀವು ಶರಣಾದಂತಾಯಿತಲ್ಲ ಎಂದು ಎದುರಾಳಿ ಕುಟುಕುತ್ತಾನೆ. ಇಲ್ಲ, ಮನಸ್ಸಿಗೆ ಆಕಾರ ಬರಬೇಕಾದರೆ ಹೊರಗಿನ ವಸ್ತು ಬೇಕು ಎಂಬುದು ವಿದ್ಯಾರಣ್ಯರ ಮೊದಲ ಉತ್ತರ. ಎರಡನೆಯ ಉತ್ತರ ನನಗೆ ಇನ್ನೂ ಇಷ್ಟ: ಹೊರಗಿನದರಿಂದ ಪ್ರಯೋಜನವಿಲ್ಲವೆಂದೇ ಇಟ್ಟುಕೊಳ್ಳೋಣ, ಆದರೂ ಅದನ್ನು ಅಲ್ಲಗಳೆಯಲು ನಮ್ಮಿಂದಾಗದು, ಪ್ರಮಾಣಗಳು ಪ್ರಯೋಜನವನ್ನು ನೋಡಿಕೊಂಡು ಕೆಲಸ ಮಾಡುವುದಿಲ್ಲ. ಕಂಡದ್ದು ನಮ್ಮ ಸಿದ್ಧಾಂತಕ್ಕೆ ಅನುಕೂಲವಾಗಿದೆಯೇ ಎಂದು ಕಣ್ಣು ಕೇಳಿಕೊಂಡು ನೋಡುತ್ತದೆಯೇ? ಜಗತ್ತನ್ನು ಮಿಥ್ಯೆ ಎನ್ನುವ ಪರಂಪರೆಯವರೊಬ್ಬರು ಸಾಕ್ಷ್ಯದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವುದು ಅದ್ವೈತವನ್ನು ಹೊರಗಿನಿಂದ ನೋಡುವವರಿಗೆ ಆಶ್ಚರ್ಯವೆನಿಸಬಹುದು. ಕೆಲವೇ ಶ್ಲೋಕಗಳ ನಂತರ ಅವರು ಇನ್ನೂ ಮುಂದಕ್ಕೆ ಹೋಗುತ್ತಾರೆ. ಈಶ್ವರನಿರ್ಮಿತವಾದ ದ್ವೈತ ಬಾಧಿಸುವುದಿಲ್ಲ, ಸಾಧನೆಗೆ ಸಹಾಯವನ್ನೂ ಮಾಡುತ್ತದೆ, ಗುರುವೂ ಶಾಸ್ತ್ರವೂ ಅದರೊಳಗೇ ಇರುವುದಲ್ಲವೇ? ಅದನ್ನು ತೊಲಗಿಸಲು ಸಾಧ್ಯವೂ ಇಲ್ಲ. ಇರಲಿ ಬಿಡು, ಅದರ ಮೇಲೆ ದ್ವೇಷವೇಕೆ?

ಕನ್ನಡದ ಓದುಗರಿಗೆ ಇದು ಪೂರ್ತಿ ಹೊಸ ಮಾತಲ್ಲ. ವಿದ್ಯಾರಣ್ಯರಿಗಿಂತ ಸುಮಾರು ಎರಡು ಶತಮಾನ ಮುಂಚೆ ಅಲ್ಲಮಪ್ರಭು ಹೊನ್ನು, ಹೆಣ್ಣು, ಮಣ್ಣು ಮಾಯೆಯೆಂಬವರನ್ನು ತಡೆದು, ಅವು ಯಾವುವೂ ಮಾಯೆಯಲ್ಲ, ‘ಮನದ ಮುಂದಣ ಆಸೆಯೇ ಮಾಯೆ’ ಎಂದಿದ್ದರು. ಹಾದಿ ಬೇರೆ, ಗುರಿಯಿಟ್ಟ ಜಾಗ ಒಂದೇ.

ಈಗ ಮೊಬೈಲಿನ ಉಪದೇಶಕ್ಕೆ ಬರೋಣ. ಅದರ ತವರು ಹಿಮಾಲಯವಲ್ಲ, ಅಮೆರಿಕ. ಹತ್ತೊಂಬತ್ತನೆಯ ಶತಮಾನದಲ್ಲಿ ಮೇನ್ ಪ್ರಾಂತ್ಯದ ಗಡಿಯಾರ ತಯಾರಕ ಫಿನಿಯಸ್ ಕ್ವಿಂಬಿ ಎಂಬಾತ ರೋಗಗಳ ಮೂಲ ತಪ್ಪು ನಂಬಿಕೆ, ನಂಬಿಕೆ ತಿದ್ದಿದರೆ ರೋಗ ವಾಸಿ ಎಂದು ಚಿಕಿತ್ಸೆಗಿಳಿದ. ಅಲ್ಲಿಂದ ‘ನವಚಿಂತನೆ’ ಎಂಬ ಪಂಥ ಬೆಳೆಯಿತು. ಆರೋಗ್ಯಕ್ಕೆ ಸಂಪತ್ತೂ ಸೇರಿಕೊಂಡಿತು. 1906ರಲ್ಲಿ ‘ಆಕರ್ಷಣೆಯ ನಿಯಮ’ವನ್ನು, ಎಂದರೆ ನೆನೆದದ್ದನ್ನು ಮನಸ್ಸು ತನ್ನತ್ತ ಸೆಳೆಯುತ್ತದೆಂಬ ಮಾತನ್ನು, ಶೀರ್ಷಿಕೆಯಲ್ಲೇ ಇಟ್ಟುಕೊಂಡ ಪುಸ್ತಕ ಹೊರತಂದವನು ವಿಲಿಯಂ ವಾಕರ್ ಅಟ್ಕಿನ್ಸನ್ ಎಂಬ ವಕೀಲ. ಅದೇ ಅಟ್ಕಿನ್ಸನ್ ‘ಯೋಗಿ ರಾಮಚರಕ’ ಎಂಬ ಹೆಸರಿಟ್ಟುಕೊಂಡು ಯೋಗ, ಪ್ರಾಣಾಯಾಮಗಳ ಮೇಲೂ ಪುಸ್ತಕಗಳನ್ನು ಬರೆದ. 1893ರ ಷಿಕಾಗೊ ಸರ್ವಧರ್ಮ ಸಮ್ಮೇಳನದ ನಂತರ ಅಲ್ಲಿ ಯೋಗಿಗಳಿಗೆ ಬೇಡಿಕೆಯಿತ್ತು, ಬೇಡಿಕೆಯಿದ್ದಲ್ಲಿ ಪೂರೈಕೆಯೂ ಹುಟ್ಟಿತು. ಒಂದೇ ಕೈ ಬರೆದ ಎರಡು ಬಗೆಯ ಪುಸ್ತಕಗಳು ಓದುಗರ ತಲೆಯಲ್ಲಿ ಬೆರೆತುಹೋದವು. ನೂರು ವರ್ಷಗಳ ನಂತರ ಆ ಬೆರಕೆ ಋಷಿಗಳ ಮುದ್ರೆಯೊಂದಿಗೆ ನಮ್ಮಲ್ಲಿಗೇ ಮರಳಿ ಬಂದಿದೆ.

ಇತ್ತೀಚೆಗೆ ಇದಕ್ಕೆ ಕ್ವಾಂಟಂ ಭೌತವಿಜ್ಞಾನವನ್ನೂ ಜೋಡಿಸುತ್ತಾರೆ. ನೋಡಿದರೆ ಎಲೆಕ್ಟ್ರಾನಿನ ವರ್ತನೆ ಬದಲಾಗುತ್ತದೆ, ಆದ್ದರಿಂದ ಪ್ರಜ್ಞೆ ಜಗತ್ತನ್ನು ಸೃಷ್ಟಿಸುತ್ತದೆ ಎಂಬ ವಾದ. ಎರಡು ಸೀಳುಗಳ ಪ್ರಯೋಗದಲ್ಲಿ ‘ನೋಡುವುದು’ ಎಂದರೆ ಎಲೆಕ್ಟ್ರಾನ್ ಯಾವ ಸೀಳಿನಿಂದ ಹೋಯಿತೆಂಬುದನ್ನು ಉಪಕರಣವೊಂದು ದಾಖಲಿಸುವುದು. ಹಾಗೆ ದಾಖಲಾದರೆ, ಪ್ರಯೋಗಾಲಯದಲ್ಲಿ ಒಬ್ಬ ಮನುಷ್ಯನೂ ಇಲ್ಲದಿದ್ದರೂ, ಎಲೆಕ್ಟ್ರಾನುಗಳು ಅಲೆಗಳಂತೆ ಪರದೆಯ ಮೇಲೆ ಮೂಡಿಸುವ ಪಟ್ಟೆಗಳ ವಿನ್ಯಾಸ ಅಳಿಸಿಹೋಗುತ್ತದೆ. ಅಳತೆಯ ಪ್ರಶ್ನೆ ಭೌತವಿಜ್ಞಾನಿಗಳನ್ನು ಇಂದಿಗೂ ಕಾಡುತ್ತಿದೆ, ನಿಜ. ಆದರೆ ಅದರಲ್ಲಿ ನಿಮ್ಮ ಸಂಬಳ ಹೆಚ್ಚಿಸುವ ದಾರಿಯೇನೂ ಅಡಗಿಲ್ಲ.

ಹಾಗೆಂದು ಮನಸ್ಸಿನ ಪ್ರಭಾವ ಮನಸ್ಸಿನೊಳಗೇ ಮುಗಿಯುತ್ತದೆ ಎನ್ನುವುದೂ ತಪ್ಪಾದೀತು. 1978ರಲ್ಲಿ ಅಮೆರಿಕದ ಸಂಶೋಧಕರು ಹಲ್ಲು ಕೀಳಿಸಿಕೊಂಡ ರೋಗಿಗಳಿಗೆ ಔಷಧವೇ ಇಲ್ಲದ ಹುಸಿಮದ್ದು ಕೊಟ್ಟು ನೋಡಿದರು. ಕೆಲವರಿಗೆ ನೋವು ಇಳಿಯಿತು. ಅವರಿಗೆ ನಲಾಕ್ಸೋನ್ ಎಂಬ, ಅಫೀಮಿನ ಬಗೆಯ ರಾಸಾಯನಿಕಗಳನ್ನು ತಡೆಯುವ ಮದ್ದು ಕೊಟ್ಟಾಗ ನೋವು ಮತ್ತೆ ಏರಿತು. ಎಂದರೆ ನಿರೀಕ್ಷೆಯೊಂದು ಮೈಯೊಳಗಿನ ನೋವುನಿವಾರಕವನ್ನೇ ಹರಿಯಬಿಟ್ಟಿತ್ತು. ವಿದ್ಯಾರಣ್ಯರ ಗೆರೆ ದೇಹದ ಬಳಿ ಬಂದಾಗ ಹೀಗೆ ಮಸುಕಾಗುತ್ತದೆ. ಆದರೆ ಹುಸಿಮದ್ದು ನೋವನ್ನು, ವಾಕರಿಕೆಯನ್ನು ತಗ್ಗಿಸೀತೇ ಹೊರತು ಗಡ್ಡೆಯನ್ನು ಕರಗಿಸದು. ಅನುಭವದ ಕಡೆಗೆ ಮನಸ್ಸಿಗೆ ಕೈ ಉದ್ದ, ವಸ್ತುವಿನ ಕಡೆಗೆ ಗಿಡ್ಡ.

ಅದ್ವೈತದಲ್ಲಿಯೇ ಇದಕ್ಕಿಂತ ತೀವ್ರವಾದ ನಿಲುವು ಇದೆಯಲ್ಲ ಎಂದು ಬಲ್ಲವರು ಕೇಳಬಹುದು. ಇದೆ. ಅದರ ಹೆಸರು ದೃಷ್ಟಿಸೃಷ್ಟಿವಾದ. ಜಗತ್ತು ಮೊದಲೇ ಇದ್ದು ಆಮೇಲೆ ನಾವು ನೋಡುತ್ತೇವೆ ಎಂಬ ಸಾಮಾನ್ಯ ನಂಬಿಕೆಯನ್ನು ತಿರುಗಿಸಿ, ನೋಡುವುದೇ ಸೃಷ್ಟಿ, ನೋಡದಾಗ ಅದಿಲ್ಲ ಎನ್ನುತ್ತದೆ. ಪ್ರಕಾಶಾನಂದರು ವೇದಾಂತಸಿದ್ಧಾಂತಮುಕ್ತಾವಳಿಯಲ್ಲಿ ಇದನ್ನು ಪಟ್ಟು ಬಿಡದೆ ಮಂಡಿಸಿದರು. ಯೋಗವಾಸಿಷ್ಠದ ಕಥೆಗಳಲ್ಲಿ ರಾಜನೊಬ್ಬ ಕ್ಷಣಾರ್ಧದಲ್ಲಿ ಇಡೀ ಒಂದು ಬದುಕನ್ನು ಬದುಕಿ ಬರುತ್ತಾನೆ. ಶಂಕರರ ಗುರುವಿನ ಗುರುವೆನಿಸಿದ ಗೌಡಪಾದರು ಇನ್ನೂ ಒಂದು ಹೆಜ್ಜೆ ಮುಂದೆ: ಹುಟ್ಟಿದ್ದೇ ಏನೂ ಇಲ್ಲ. ಆಕರ್ಷಣೆಯ ಉಪದೇಶಕರು ಋಷಿಗಳೆಂದು ಬೊಟ್ಟು ಮಾಡಿದರೆ ಹೆಚ್ಚಾಗಿ ಈ ಕಡೆಗೇ.

ಆದರೆ ಇಲ್ಲೊಂದು ಕಣ್ಣುತಪ್ಪು ಆಗುತ್ತದೆ. ಕನಸು ಕಾಣುವವನೊಬ್ಬನಿದ್ದಾನೆ, ಕನಸಿನೊಳಗೆ ಓಡಾಡುವ ‘ನಾನು’ ಒಬ್ಬನಿದ್ದಾನೆ. ಹುಲಿ ಅಟ್ಟಿಸಿಕೊಂಡು ಬಂದಾಗ ಕನಸಿನೊಳಗಿನ ‘ನಾನು’ ಬೆವರುತ್ತಾ ಓಡುತ್ತಾನೆ. ಹುಲಿಯೂ ಅವನೂ ಒಂದೇ ನಿದ್ದೆಯ ಎರಡು ಕೂಸುಗಳು. ಆ ಓಡುವವನು ಈ ಕನಸಿಗೆ ನಾನೇ ಕರ್ತೃ, ಹುಲಿಯನ್ನು ಹಸುವಾಗಿಸುತ್ತೇನೆ ಎಂದು ನಿಂತರೆ ಹುಲಿ ಒಪ್ಪುವುದಿಲ್ಲ. ದೃಷ್ಟಿಸೃಷ್ಟಿವಾದದಲ್ಲಿ ಆಧಾರ್ ಸಂಖ್ಯೆಯಿರುವ, ಸಾಲವಿರುವ, ಬಡ್ತಿ ಬೇಕಾಗಿರುವ ವ್ಯಕ್ತಿ ಸೃಷ್ಟಿಯಾದವುಗಳ ಪಟ್ಟಿಯಲ್ಲಿದ್ದಾನೆ, ಸೃಷ್ಟಿಕರ್ತನ ಜಾಗದಲ್ಲಿಲ್ಲ. ಜಗತ್ತು ನನ್ನ ಮನಸ್ಸಿನದು ಎನ್ನುವಾಗ ‘ನನ್ನ’ ಎನ್ನುವವನನ್ನೂ ಅದೇ ಮನಸ್ಸು ಕಟ್ಟಿದೆ. ಆ ವ್ಯಕ್ತಿಯ ಬೇಡಿಕೆಗಳನ್ನು ಪೂರೈಸುವುದು ಈ ದರ್ಶನದ ಉದ್ದೇಶವಾಗಲು ಹೇಗೆ ಸಾಧ್ಯ? ಅವನಾರೆಂದು ಕೇಳುವುದು ಅದರ ಉದ್ದೇಶ.

ಕನಸಿನ ಕರ್ತೃ ಯಾರೆಂಬುದೇ ವೇದಾಂತಿಗಳಲ್ಲಿ ದೊಡ್ಡ ವ್ಯಾಜ್ಯ. ಬೃಹದಾರಣ್ಯಕದ ನಾಲ್ಕನೆಯ ಅಧ್ಯಾಯದಲ್ಲಿ ಯಾಜ್ಞವಲ್ಕ್ಯರು ಜನಕನಿಗೆ ಹೇಳುತ್ತಾರೆ: ಅಲ್ಲಿ ರಥಗಳಿಲ್ಲ, ಕುದುರೆಗಳಿಲ್ಲ, ದಾರಿಗಳಿಲ್ಲ, ಆಗ ರಥಗಳನ್ನು, ಕುದುರೆಗಳನ್ನು, ದಾರಿಗಳನ್ನು ಸೃಷ್ಟಿಸುತ್ತಾನೆ, ‘ಸ ಹಿ ಕರ್ತಾ’, ಅವನೇ ಕರ್ತೃ. ಅವನು ಎಂದರೆ ಯಾರು? ಶಂಕರರಿಗೆ ಅದು ಜೀವ. ಕನಸಿನ ರಥ ಬರೀ ಮಾಯೆ, ಎಚ್ಚರದ ಅನುಭವ ಮನಸ್ಸಿನಲ್ಲಿ ಉಳಿಸಿದ ಸಂಸ್ಕಾರಗಳ, ಎಂದರೆ ವಾಸನೆಗಳ, ಆಟ. ರಾಮಾನುಜರಿಗೆ ಅದು ಈಶ್ವರ. ಜೀವನ ಪುಣ್ಯಪಾಪಗಳಿಗೆ ತಕ್ಕಂತೆ, ಅವನೊಬ್ಬನಿಗೆ ಮಾತ್ರ ಕಾಣುವಂತೆ, ಆ ಹೊತ್ತಿಗೆ ಮಾತ್ರ ಇರುವಂತೆ ರಥ ಸೃಷ್ಟಿಯಾಗುತ್ತದೆ. ಉಡುಪಿಯ ಮಧ್ವಾಚಾರ್ಯರು ಕನಸಿನ ವಸ್ತುಗಳು ಸತ್ಯವೆಂದೇ ಸಾಧಿಸುತ್ತಾರೆ: ಜೀವನ ಮನಸ್ಸಿನಲ್ಲಿರುವ ವಾಸನೆಗಳೇ ಅವುಗಳಿಗೆ ಸಾಮಗ್ರಿ, ಮಾಡುವವನು ಈಶ್ವರ, ಅವನ್ನು ಎಚ್ಚರದ ಲೋಕದ ವಸ್ತುಗಳೆಂದು ತಿಳಿಯುವುದಷ್ಟೇ ನಮ್ಮ ತಪ್ಪು. ತತ್ತ್ವವಾದದ ಈ ನಿಲುವು ವಿಚಿತ್ರವೆನಿಸಬಹುದು, ಆದರೆ ಕನಸುಗಳು ನಮ್ಮ ಮಾತು ಕೇಳುವುದಿಲ್ಲವೆಂಬ ದಿನನಿತ್ಯದ ಅನುಭವಕ್ಕೆ ಅದು ಬಹಳ ಹತ್ತಿರ. ನಮ್ಮದೇ ಸಾಮಗ್ರಿ, ನಮ್ಮದೇ ತಲೆ, ಆದರೂ ಯಾವ ಕನಸು ಬೀಳಬೇಕೆಂದು ನಾವು ನಿರ್ಧರಿಸಲಾರೆವು. ಮೂರು ಮತಗಳ ಆಚಾರ್ಯರು ಎಷ್ಟೇ ಕಾದಾಡಿದರೂ ಒಂದು ವಿಷಯದಲ್ಲಿ ಜೊತೆಗಿದ್ದಾರೆ: ಜೀವನ ಇಚ್ಛೆ ಹೊರಗಿನ ಜಗತ್ತಿನ ಯಜಮಾನಿಕೆ ಪಡೆದಿದೆ ಎಂದು ಯಾರೂ ಹೇಳಿಲ್ಲ.

ವಿದ್ಯಾರಣ್ಯರು ಕೈಯಾಡಿಸದೆ ಬಿಟ್ಟ ಒಂದು ಜಾಗವೂ ಇದೆ. ಅವರ ಉದಾಹರಣೆಗಳಲ್ಲಿ ಒಬ್ಬೊಬ್ಬ ಜೀವನಿಗೂ ಒಂದೊಂದು ಮನೋಮಯ ಲೋಕ. ಎಲ್ಲರೂ ಸೇರಿ ಕಟ್ಟಿದ್ದಕ್ಕೆ ಏನನ್ನಬೇಕು? 2016ರ ನವೆಂಬರ್ 8ರ ರಾತ್ರಿ ಎಂಟು ಗಂಟೆಗೆ ಐನೂರು, ಸಾವಿರ ರೂಪಾಯಿಗಳ ನೋಟುಗಳು ಮಧ್ಯರಾತ್ರಿಯಿಂದ ಚಲಾವಣೆಯಲ್ಲಿಲ್ಲವೆಂಬ ಘೋಷಣೆ ಬಂತು. ಕಾಗದ, ಶಾಯಿ, ಗಾಂಧಿಯ ಚಿತ್ರ, ಬೆಳ್ಳಿ ಎಳೆ, ಯಾವುದೂ ಬದಲಾಗಲಿಲ್ಲ. ಬದಲಾದದ್ದು ಎಲ್ಲರೂ ಅದರ ಬಗ್ಗೆ ಇಟ್ಟುಕೊಂಡಿದ್ದ ಒಪ್ಪಂದ. ನೋಟಿನ ಬೆಲೆ ಮನಸ್ಸುಗಳ ಸೃಷ್ಟಿ ಎಂಬುದರಲ್ಲಿ ಸಂಶಯವಿಲ್ಲ, ಆದರೂ ಅಡುಗೆಮನೆಯ ಡಬ್ಬಿಯಲ್ಲಿ ನೋಟುಗಳನ್ನು ಬಚ್ಚಿಟ್ಟ ಗೃಹಿಣಿ ತಾನೊಬ್ಬಳೇ ಎಷ್ಟು ನಂಬಿದರೂ ಅದಕ್ಕೆ ಬೆಲೆ ಮರಳಲಿಲ್ಲ. ಜಾತಿಯೂ ಇದೇ ಬಗೆಯದು. ಯಾರ ಮೈಯ ಮೇಲೂ ಜಾತಿ ಬರೆದಿಲ್ಲ, ಅದು ಸಂಪೂರ್ಣವಾಗಿ ಜೀವಸೃಷ್ಟಿ. ಆದರೂ ಊರ ಬಾವಿಯಿಂದ ಓಡಿಸಲ್ಪಟ್ಟವನ ಪಾಲಿಗೆ ಅದು ಬಂಡೆಯಷ್ಟೇ ಗಟ್ಟಿ. ಅವನಿಗೆ ‘ನಿನ್ನ ವಾಸ್ತವವನ್ನು ನೀನೇ ಸೃಷ್ಟಿಸಿಕೊಂಡಿದ್ದೀಯೆ’ ಎನ್ನುವುದು ಅಧ್ಯಾತ್ಮವಾಗುವುದಿಲ್ಲ, ಅಪಮಾನವಾಗುತ್ತದೆ. ಸೃಷ್ಟಿಸಿದವರು ಬೇರೆ, ಅನುಭವಿಸುವವನು ಬೇರೆ. ಹಸಿವು, ಕ್ಯಾನ್ಸರ್, ಬರಗಾಲಗಳ ವಿಷಯದಲ್ಲಿ ಆ ಮಾತು ಇನ್ನೂ ಕ್ರೂರವಾಗುತ್ತದೆ. ಕಷ್ಟ ಬಂದವನ ತಲೆಯ ಮೇಲೆ ಕಷ್ಟದ ಹೊಣೆಯನ್ನೂ ಹೊರಿಸುತ್ತದೆ. ಮನಸ್ಸು ತಲುಪಲಾರದ ಈಶ್ವರಸೃಷ್ಟಿ ಎಂಬುದೊಂದನ್ನು ಗಟ್ಟಿಯಾಗಿ ಉಳಿಸಿಕೊಂಡದ್ದರಿಂದ ವಿದ್ಯಾರಣ್ಯರು ಈ ಕ್ರೌರ್ಯದಿಂದ ಪಾರಾಗಿದ್ದಾರೆ.

ಇನ್ನು ಜೀವಸೃಷ್ಟಿಯ ವಿಂಗಡಣೆ. ಅದರಲ್ಲಿ ಶಾಸ್ತ್ರೀಯ, ಅಶಾಸ್ತ್ರೀಯ ಎಂದು ಎರಡು. ಆತ್ಮವಿಚಾರವೂ ಮನಸ್ಸಿನ ಸೃಷ್ಟಿಯೇ, ಆದರೆ ಅದು ಶಾಸ್ತ್ರೀಯ. ಅರಿವು ಮೂಡುವ ತನಕ ಅದನ್ನು ಇಟ್ಟುಕೊಳ್ಳಬೇಕು, ಮೂಡಿದ ಮೇಲೆ ಅದನ್ನೂ ಬಿಡಬೇಕು. ಧಾನ್ಯ ಬೇಕಾದವನು ಹುಲ್ಲನ್ನು ಬಿಡುವಂತೆ ಗ್ರಂಥಗಳನ್ನೂ ಬಿಡು ಎಂಬ ಶ್ರುತಿಯ ಮಾತನ್ನು ಗ್ರಂಥಕರ್ತರೇ ಇಲ್ಲಿ ಉದ್ಧರಿಸುತ್ತಾರೆ. ಅಶಾಸ್ತ್ರೀಯವಾದದ್ದರಲ್ಲಿ ಮತ್ತೆ ತೀವ್ರ, ಮಂದ ಎಂದು ಎರಡು. ಕಾಮಕ್ರೋಧಗಳು ತೀವ್ರ. ಮಂದವಾದದ್ದು ಮನೋರಾಜ್ಯ: ಕೂತಲ್ಲಿ ಮನೆ ಕಟ್ಟುವುದು, ಹುದ್ದೆ ಏರುವುದು, ಸನ್ಮಾನ ಸ್ವೀಕರಿಸುವುದು. ಬರಿಯ ಕಲ್ಪನೆ ತಾನೇ, ಅದರಿಂದ ಏನು ಹಾನಿ ಎಂದು ಕೇಳಿದರೆ ಅವರು ಗೀತೆಯ ಎರಡನೆಯ ಅಧ್ಯಾಯವನ್ನು ತೋರಿಸುತ್ತಾರೆ: ವಿಷಯಗಳನ್ನು ಚಿಂತಿಸುತ್ತಾ ಕುಳಿತವನಿಗೆ ಅವುಗಳಲ್ಲಿ ಅಂಟು ಹುಟ್ಟುತ್ತದೆ, ಅಂಟಿನಿಂದ ಕಾಮ, ಕಾಮದಿಂದ ಕ್ರೋಧ. ಮನೋರಾಜ್ಯ ಎಲ್ಲ ದೋಷಗಳಿಗೂ ಬೀಜ, ಆದ್ದರಿಂದ ಗೆಲ್ಲಬೇಕು. ಗುರಿಯನ್ನು ಕಣ್ಣೆದುರು ಚಿತ್ರಿಸಿಕೊಂಡು ದಿನಕ್ಕಿಷ್ಟು ಹೊತ್ತು ಅದರಲ್ಲೇ ಮುಳುಗಿರು ಎಂದು ಇಂದು ಸಾಧನೆಯ ಹೆಸರಿನಲ್ಲಿ ಹೇಳಿಕೊಡುವುದನ್ನು ಪಂಚದಶಿ ರೋಗಗಳ ಪಟ್ಟಿಯಲ್ಲಿಟ್ಟಿದೆ.

ಮೋಕ್ಷದ ಗೊಡವೆಯಿಲ್ಲದವರಿಗೂ ಇದರಲ್ಲಿ ಲೆಕ್ಕವಿದೆ. ಮನೋವಿಜ್ಞಾನಿ ಗಾಬ್ರಿಯೆಲೆ ಎಟ್ಟಿಂಗನ್ ಹಗಲುಗನಸುಗಳ ಪರಿಣಾಮವನ್ನು ದಶಕಗಳಿಂದ ಅಳೆಯುತ್ತಾ ಬಂದವರು. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅವರು ಮತ್ತು ಅವರ ಸಹೋದ್ಯೋಗಿ, ಕೆಲಸ ಹುಡುಕುತ್ತಿದ್ದ ಪದವೀಧರರನ್ನು ಎರಡು ವರ್ಷ ಹಿಂಬಾಲಿಸಿದರು. ಕೆಲಸ ಸಿಕ್ಕಂತೆ ಸುಂದರವಾಗಿ ಕಲ್ಪಿಸಿಕೊಳ್ಳುವ ಅಭ್ಯಾಸ ಹೆಚ್ಚಿದ್ದವರು ಅರ್ಜಿ ಹಾಕಿದ್ದು ಕಡಿಮೆ, ಅವರಿಗೆ ಬಂದ ಅವಕಾಶ ಕಡಿಮೆ, ಸಂಬಳವೂ ಕಡಿಮೆ. ಹಿಂದಿನ ಅನುಭವದ ಆಧಾರದ ಮೇಲೆ ‘ಸಿಗಬಹುದು’ ಎಂದು ನಿರೀಕ್ಷಿಸಿದವರ ಪಾಡು ಇದಕ್ಕಿಂತ ಉತ್ತಮವಾಗಿತ್ತು. ಮನಸ್ಸಿನಲ್ಲಿ ಉಂಡವನಿಗೆ ಎದ್ದು ಒಲೆ ಹಚ್ಚುವ ಉಮೇದು ಇರುವುದಿಲ್ಲ.

ಮನೋರಾಜ್ಯಕ್ಕೆ ವಿದ್ಯಾರಣ್ಯರು ಹೇಳುವ ಮದ್ದು ಸಮಾಧಿ. ಅದು ಕೈಗೆಟುಕದವನು ಏಕಾಂತದಲ್ಲಿ ದೀರ್ಘಕಾಲ ಪ್ರಣವವನ್ನು, ಎಂದರೆ ಓಂಕಾರವನ್ನು, ಉಚ್ಚರಿಸುತ್ತಾ ಗೆಲ್ಲಬಹುದು. ಹಾಗೆ ಗೆದ್ದ ಮೇಲೂ ಪ್ರಾರಬ್ಧದಿಂದ ಚಂಚಲತೆ ಮತ್ತೆ ಬರಬಹುದೆಂದು, ಅಭ್ಯಾಸದಿಂದ ಮತ್ತೆ ನಿಲ್ಲುತ್ತದೆಂದು ಅವರು ಸಮಾಧಾನವಾಗಿಯೇ ಒಪ್ಪುತ್ತಾರೆ. ಅವರ ತಾಳ್ಮೆ ಕೆಡುವುದು ಇನ್ನೊಂದು ಕಡೆ. ಎಲ್ಲವೂ ಮಿಥ್ಯೆಯೆಂದು ನನಗೆ ಗೊತ್ತಾಗಿದೆ, ಇನ್ನು ಕಾಮಕ್ರೋಧಗಳಿದ್ದರೇನು ಎನ್ನುವ ಜ್ಞಾನಿಯೊಬ್ಬನನ್ನು ಕಲ್ಪಿಸಿಕೊಂಡು ಅವನನ್ನು ಸರಿಯಾಗಿಯೇ ವಿಚಾರಿಸಿಕೊಳ್ಳುತ್ತಾರೆ. ಅದ್ವೈತವನ್ನು ತಿಳಿದವನೂ ಮನಬಂದಂತೆ ನಡೆದರೆ, ಹೊಲಸು ತಿನ್ನುವುದರಲ್ಲಿ ನಾಯಿಗೂ ತತ್ತ್ವಜ್ಞಾನಿಗೂ ಏನು ವ್ಯತ್ಯಾಸ ಎಂಬ, ಶಂಕರರ ಶಿಷ್ಯ ಸುರೇಶ್ವರರ ಮಾತನ್ನು ಮೊದಲು ಎಸೆಯುತ್ತಾರೆ. ಆಮೇಲೆ ತಮ್ಮದೇ ಮಾತು: ತಿಳಿಯುವ ಮೊದಲು ನಿನಗೆ ಮನಸ್ಸಿನ ದೋಷಗಳ ಕಾಟ ಮಾತ್ರ ಇತ್ತು, ಈಗ ಊರವರ ಬೈಗುಳವೂ ಸೇರಿತು, ಆಹಾ ನಿನ್ನ ಜ್ಞಾನದ ವೈಭವವೇ! ಊರಹಂದಿಗೆ ಸಮನಾಗಲು ಬಯಸಬೇಡ, ಬುದ್ಧಿಯ ದೋಷಗಳನ್ನೆಲ್ಲ ಬಿಟ್ಟು ದೇವರಂತೆ ಪೂಜ್ಯನಾಗು. ಬಿಡುವುದು ಹೇಗೆಂದು ಅವನು ಕೇಳಿದರೆ ಅದಕ್ಕೂ ಅವರಲ್ಲಿ ಹೊಸ ರಹಸ್ಯವೇನಿಲ್ಲ. ಬಯಸಿದ ವಸ್ತುಗಳಲ್ಲಿರುವ ದೋಷವನ್ನು ಕಾಣುವುದೇ ಮೊದಲಾದ ಉಪಾಯಗಳು ಮೋಕ್ಷಶಾಸ್ತ್ರಗಳಲ್ಲಿ ಪ್ರಸಿದ್ಧವಾಗಿಯೇ ಇವೆ, ಅವನ್ನು ಹುಡುಕಿಕೊಂಡು ಸುಖವಾಗಿರು ಎಂದು ಅವನನ್ನು ಸಾಗಹಾಕುತ್ತಾರೆ.